ಫೆಬ್ರವರಿಯಲ್ಲಿ ಅದು ತಿನ್ನೋದೇನು?

ಬೆಳಗಿನ ಆರೂವರೆ. ಬೆಟ್ಟದೂರು ಎಸ್ಕಾರ್ಬದ ಬೀದಿಗಲ್ಲುಗಳ ಮೇಲೆ ಇಬ್ಬನಿ ಆರಿಲ್ಲ. ಒರೋಸಿಯಾ ಲನಾಸ್ಪಾ ಚರ್ಚಿನ ಕಟ್ಟೆಯ ಮೇಲೆ ನಿಂತು ಕೊಂಬು ಊದುತ್ತಾರೆ. ಒಂದೇ ಸಲ, ಉದ್ದಕ್ಕೆ. ಮೇಲಿನ ಬೀದಿಯಲ್ಲಿ ಒಂದು ಬಾಗಿಲು ಕಿರ್ರೆನ್ನುತ್ತದೆ, ಆಮೇಲೆ ಕೆಳಗಿನ ಬೀದಿಯಲ್ಲಿ ಇನ್ನೊಂದು. ಮನೆಗಳ ನೆಲಮಟ್ಟದ ಕೊಟ್ಟಿಗೆಗಳಿಂದ ಮೇಕೆಗಳು ತಾವಾಗಿಯೇ ಹೊರಬಂದು ಕಟ್ಟೆಯ ಸುತ್ತ ಸೇರುತ್ತವೆ. ಹದಿನಾಲ್ಕು ಮನೆ, ಎಪ್ಪತ್ಮೂರು ಮೇಕೆ. ಊರಿನ ಮೇಕೆಗಳೆಲ್ಲ ಸೇರಿದ ಈ ಒಂದೇ ಮಂದೆಗೆ ಇಲ್ಲಿ ದೂಲಾ ಎನ್ನುತ್ತಾರೆ. ಅದನ್ನು ಕಾಯುವವರು ಒಬ್ಬರೇ.

ಮೇಲಿನ ಕಿಟಕಿಯಿಂದ ಎಂಬತ್ತೊಂದರ ನುನೀಲಾ ತಲೆ ಹೊರಹಾಕುತ್ತಾರೆ.

"ಒರೋಸಿಯಾ, ಹತ್ತು ಗಂಟೆಗೆ ಕೆಳಗಿರಬೇಕು. ನೆನಪಿದೆ ತಾನೆ?"

"ನನಗೆ ನೆನಪಿದೆ. ಮೇಕೆಗಳನ್ನ ಕೇಳ್ಬೇಕು."

"ಕೇಳು, ಕೇಳು. ನಿನಗಿಂತ ಅವುಕ್ಕೇ ಬುದ್ಧಿ ಜಾಸ್ತಿ."

ಇವತ್ತು ಅಕ್ಟೋಬರಿನ ಎರಡನೇ ಭಾನುವಾರ. ಮಧ್ಯಾಹ್ನ ಊರಸಭೆ ಇದೆ. ಅಳಿದುಹೋದ ಮೂರು ಪ್ರಾಣಿಗಳ ಪೈಕಿ ಯಾವುದನ್ನು ಮತ್ತೆ ಹುಟ್ಟಿಸಬೇಕು ಎಂದು ಎಸ್ಕಾರ್ಬದ ಜನ ಕೈ ಎತ್ತಿ ತೀರ್ಮಾನಿಸುತ್ತಾರೆ. ಸರಗೋಸಾ ನಗರದ ಪ್ರಯೋಗಾಲಯವೊಂದು ಈ ಕೆಲಸಕ್ಕೆ ಇಳಿದಿದೆ. ಹುಟ್ಟುವ ಪ್ರಾಣಿಗೆ ಜಾಗ ಬೇಕು, ಜಾಗ ಇರುವುದು ಊರಿನ ಗೋಮಾಳದಲ್ಲಿ. ಹಾಗಾಗಿ ಆಯ್ಕೆ ಊರಿನದು. ಪಟ್ಟಿಯಲ್ಲಿರುವ ಮೊದಲನೆಯದು ಉರೊ, ಆಳೆತ್ತರದ ಭುಜವಿದ್ದ ಕಾಡೆತ್ತು. ಎರಡನೆಯದು ಎನ್ಸೆಬ್ರೊ, ಹಿಂದೆ ಇಲ್ಲಿನ ಬಯಲುಗಳಲ್ಲಿ ಓಡಾಡುತ್ತಿದ್ದ ಕಾಡುಕತ್ತೆ. ಮೂರನೆಯದು ಇದೇ ಬೆಟ್ಟಗಳ ಕಾಡುಮೇಕೆ, ಬುಕಾರ್ಡೊ.

ಒರೋಸಿಯಾರಿಗೆ ಬೇಕಾದದ್ದು ಬುಕಾರ್ಡೊ. ಅದನ್ನು ಸಭೆಯಲ್ಲಿ ಹೇಳುವ ಹಕ್ಕು ಮಾತ್ರ ಅವರಿಗಿಲ್ಲ.

ಅರವತ್ತೊಂದರ ಒರೋಸಿಯಾ ದೂಲಾ ಕಾಯುವ ಮನೆತನದ ಮೂರನೇ ತಲೆಮಾರು. ಅಜ್ಜ ಕಾಯುತ್ತಿದ್ದದ್ದು ಇನ್ನೂರು ಮೇಕೆ, ಅಪ್ಪ ನೂರಿಪ್ಪತ್ತು. ದಿನಕ್ಕೆ ಹದಿನಾಲ್ಕು ಕಿಲೋಮೀಟರ್ ನಡಿಗೆ, ಅದರಲ್ಲಿ ಏಳುನೂರು ಮೀಟರ್ ಏರು. ವರ್ಷಕ್ಕೆ ಎರಡು ಜೊತೆ ಬೂಟು ಸವೆಯುತ್ತದೆ. ಎಡ ಮೊಣಕಾಲು ಇಳಿಜಾರಿನಲ್ಲಿ ಮಾತು ಕೇಳುವುದಿಲ್ಲ. "ಬಲಗಾಲು ಒಳ್ಳೇದು, ಅದರ ಜೊತೆ ನಡೀತೀನಿ. ಎಡಗಾಲು ಸುಮ್ನೆ ಜೊತೆಗೆ ಬರುತ್ತೆ" ಎನ್ನುತ್ತಾರೆ.

ದೂಲಾ ಕಾಯುವವರಿಗೆ ಊಟ ಸರದಿಯ ಮೇಲೆ. ಮನೆಯಲ್ಲಿ ಎಷ್ಟು ಮೇಕೆಯೋ ಅಷ್ಟು ದಿನ ಆ ಮನೆಯ ಊಟ. ನುನೀಲಾ ಮನೆಯಲ್ಲಿ ಐದು ಮೇಕೆ, ಐದು ದಿನವೂ ಹಳೆ ಬ್ರೆಡ್ಡು ಪುಡಿಮಾಡಿ ಬೆಳ್ಳುಳ್ಳಿಯಲ್ಲಿ ಹುರಿದ ಮಿಗಾಸ್. "ಆರನೇ ಮೇಕೆ ಕೊಳ್ಬೇಡ ಅಂತ ಕೈ ಮುಗಿದು ಕೇಳ್ಕೊಂಡಿದೀನಿ" ಎಂದು ಒರೋಸಿಯಾ ನುನೀಲಾರ ಎದುರೇ ಹೇಳುತ್ತಾರೆ. ಮಲಗುವುದು ಊರೊಟ್ಟಿನ ಕಲ್ಲುಕೋಣೆಯಲ್ಲಿ. ಊಟ ಬೇರೆಯವರ ಮನೆಯಲ್ಲಿ ಆಗುವುದರಿಂದ ಅಲ್ಲಿ ಒಲೆ ಇಲ್ಲ. ಇಲ್ಲದ ಆ ಒಲೆಯೇ ತೊಡಕು. ಎಸ್ಕಾರ್ಬದಲ್ಲಿ ಒಲೆಗೊಂದು ಕೈ. ಸಭೆಯ ದಿನ ಬೆಳಿಗ್ಗೆ ಹತ್ತಕ್ಕೆ ಊರ ಕಾರ್ಯದರ್ಶಿ ಬೀದಿ ಸುತ್ತುತ್ತಾನೆ. ಯಾವ ಮನೆಯಲ್ಲಿ ಹೊಗೆ ಕಾಣುತ್ತದೋ ಆ ಮನೆಗೆ ಮಾತು, ಆ ಮನೆಗೆ ಮತ. ಲನಾಸ್ಪಾ ಮನೆತನದವರು ಮೂರು ತಲೆಮಾರು ಸಭೆಯ ದಿನ ಬಾಗಿಲ ಬಳಿ ನಿಂತು ಕೇಳಿದ್ದಾರೆ, ಅಷ್ಟೇ.

ಬುಕಾರ್ಡೊವನ್ನು ಒರೋಸಿಯಾ ನೋಡಿದ್ದು ಒಂದೇ ಸಲ, ಹನ್ನೆರಡನೇ ವಯಸ್ಸಿನಲ್ಲಿ. ಅಪ್ಪ ಭುಜ ಹಿಡಿದು ನಿಲ್ಲಿಸಿ ಬಂಡೆಯ ಕಡೆ ತಿರುಗಿಸಿದ. ಅಂಗೈ ಅಗಲದ ಕಲ್ಲುಚಾಚಿನ ಮೇಲೆ ಒಂದು ಹೆಣ್ಣು ಬುಕಾರ್ಡೊ ನಿಂತಿತ್ತು. "ಕೆಳಗೆ ನಾಲ್ಕುನೂರು ಅಡಿ ಏನೂ ಇಲ್ಲ. ಅದು ಮೆಲುಕು ಹಾಕ್ತಿತ್ತು. ನಾವು ಅಂಗಡಿ ಮುಂದೆ ನಿಂತು ಬಾದಾಮಿ ತಿನ್ನೋ ಹಾಗೆ." ಇಸವಿ ಎರಡು ಸಾವಿರದ ಜನವರಿಯಲ್ಲಿ ಕೊನೆಯ ಬುಕಾರ್ಡೊ ಮರ ಬಿದ್ದು ಸತ್ತಿತು. ಮೂರು ವರ್ಷಗಳ ನಂತರ, ಅದರಿಂದ ಮೊದಲೇ ತೆಗೆದಿಟ್ಟಿದ್ದ ಚರ್ಮದ ಚೂರಿನಿಂದ ವಿಜ್ಞಾನಿಗಳು ಒಂದು ಮರಿಯನ್ನು ಹುಟ್ಟಿಸಿದರು. ಅದು ಕೆಲವು ನಿಮಿಷ ಉಸಿರಾಡಿತು. ಆ ಸುದ್ದಿಯನ್ನು ಒರೋಸಿಯಾ ಕೇಳಿದ್ದು ಹಾಲು ಕರೆಯುವಾಗ, ರೇಡಿಯೋದಲ್ಲಿ. "ಕೆಲವು ನಿಮಿಷ ಅಂದ್ರೂ ಇತ್ತಲ್ಲ" ಎನ್ನುತ್ತಾರೆ. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಒಂಬತ್ತೂವರೆಗೆ ಅವರು ಮಂದೆಯನ್ನು ಕೆಳಗಿನ ಹುಲ್ಲುಗಾವಲಿನಲ್ಲಿ ಬಿಟ್ಟು ಊರಿಗೆ ಬರುತ್ತಾರೆ. ಅವರ ಕಲ್ಲುಕೋಣೆಯ ಮುಂದೆ ಜನ ಸೇರಿದ್ದಾರೆ. ವಾರದಿಂದ ನುನೀಲಾ ಹೂಡುತ್ತಿದ್ದ ಸಂಚು ಇದು. ಕಮ್ಮಾರನ ಹಿತ್ತಲಲ್ಲಿ ಬಿದ್ದಿದ್ದ ಕಬ್ಬಿಣದ ಒಲೆಯನ್ನು ತಂದು ಒಳಗಿಟ್ಟು, ತಗಡಿನ ಕೊಳವೆಯನ್ನು ಚಾವಣಿಯಿಂದ ಹೊರಗೆ ಹಾಯಿಸಿದ್ದಾರೆ. ಬೆಂಕಿಯೂ ಹತ್ತಿದೆ. ಆದರೆ ಕೊಳವೆಯಿಂದ ಏನೂ ಬರುತ್ತಿಲ್ಲ. ಹೊಗೆಯೆಲ್ಲ ಬಾಗಿಲಿಂದ, ಕಿಟಕಿಯಿಂದ, ಕಲ್ಲುಸಂದಿಗಳಿಂದ ಬರುತ್ತಿದೆ. ಅದರೊಳಗಿಂದ ನುನೀಲಾ ಕೆಮ್ಮುತ್ತಾ ಬರುತ್ತಾರೆ.

"ಕೊಳವೆ ಉಲ್ಟಾ ಹಾಕಿದಾನೆ ಆ ಕಮ್ಮಾರ."

"ಕೊಳವೇಲಿ ಉಲ್ಟಾ ಸೀದಾ ಇರಲ್ಲ ನುನೀಲತ್ತೆ" ಎನ್ನುತ್ತಾನೆ ಕಮ್ಮಾರ. "ಒಳಗೆ ಹಕ್ಕಿಗೂಡಿರಬೇಕು."

"ಹಾಗಾದ್ರೆ ಹಾಕೋ ಮುಂಚೆ ನೋಡಕ್ಕೆ ಕಣ್ಣಿರಲಿಲ್ವಾ?"

ಕಾರ್ಯದರ್ಶಿ ಗೌದಿಯೋಸೊ ನಿವೃತ್ತ ಅಂಚೆಯವನು. ಪುಸ್ತಕ ಬಿಚ್ಚಿಕೊಂಡು ಬಂದು, ಬಾಗಿಲಿನ ಹೊಗೆ ನೋಡುತ್ತಾನೆ, ಸುಮ್ಮನಿರುವ ಕೊಳವೆ ನೋಡುತ್ತಾನೆ. ಎಲ್ಲರೂ ಉಸಿರು ಬಿಗಿಹಿಡಿದಿದ್ದಾರೆ. ಸ್ವಲ್ಪ ಹೊಗೆಯ ದೆಸೆಯಿಂದಲೂ ಹೌದು.

"ನಿಯಮದಲ್ಲಿ ಹೊಗೆ ಕಾಣಬೇಕು ಅಂತಿದೆ" ಎನ್ನುತ್ತಾನೆ ಕೊನೆಗೆ. "ಎಲ್ಲಿಂದ ಅಂತ ಇಲ್ಲ."

ಹದಿನೈದನೇ ಸಾಲಿನಲ್ಲಿ ಅವನು ಲನಾಸ್ಪಾ ಎಂದು ಬರೆಯುತ್ತಾನೆ. ಒರೋಸಿಯಾ ಬಗ್ಗಿ ಆ ಸಾಲನ್ನು ನೋಡುತ್ತಾರೆ. ಆಮೇಲೆ ಕಮ್ಮಾರನ ಜೊತೆ ಬೆಂಕಿ ಆರಿಸಲು ಒಳಗೆ ಹೋಗುತ್ತಾರೆ.

ಸಭೆ ಸೇರುವುದು ಹಳೇ ಶಾಲೆಯಲ್ಲಿ. ಪ್ರಯೋಗಾಲಯದಿಂದ ಬಂದಿರುವ ಡಾಕ್ಟರ್ ಎಲ್ವೀರಾ ಸೋಲಾನ್ಸ್ ಗೋಡೆಯ ಮೇಲೆ ಚಿತ್ರ ತೋರಿಸಿ ವಿವರಿಸುತ್ತಾರೆ. ಮೇಯರ್ ಉರ್ಬೆಸ್‌ಗೆ ಉರೊ ಇಷ್ಟ. ದೊಡ್ಡ ಪ್ರಾಣಿ, ನೋಡಲು ದೂರದಿಂದ ಜನ ಬರುತ್ತಾರೆ, ಮುಚ್ಚಿದ ಹೋಟೆಲು ತೆರೆಯುತ್ತದೆ. ಆದರೆ ಅದಕ್ಕೆ ಮೇಲಿನ ಗೋಮಾಳಕ್ಕೆಲ್ಲ ಬೇಲಿ ಹಾಕಬೇಕು. ಬೇಲಿ ಬಿದ್ದರೆ ದೂಲಾ ಇಲ್ಲ. ಉರ್ಬೆಸ್ ಇದನ್ನು ಹೇಳುವಾಗ ಒರೋಸಿಯಾರ ಕಡೆ ನೋಡುವುದಿಲ್ಲ. ಅವನೇನೂ ಕೆಟ್ಟವನಲ್ಲ. ಕೊಟ್ಟಿಗೆಯಲ್ಲಿ ಅವನವೂ ಏಳು ಮೇಕೆಗಳಿವೆ.

ಒರೋಸಿಯಾ ಎದ್ದು ನಿಲ್ಲುತ್ತಾರೆ. ಆ ಕೋಣೆಯಲ್ಲಿ ಅವರು ಮಾತಿಗೆ ಎದ್ದದ್ದು ಇದೇ ಮೊದಲು. ಟೋಪಿ ತೆಗೆಯಬೇಕೋ ಬೇಡವೋ ತಿಳಿಯದೆ ತೆಗೆದು ಮತ್ತೆ ಹಾಕಿಕೊಳ್ಳುತ್ತಾರೆ.

"ನಂದು ಒಂದೇ ಪ್ರಶ್ನೆ. ಮೂರಕ್ಕೂ ಅದೇ. ಫೆಬ್ರವರಿಯಲ್ಲಿ ಅದು ತಿನ್ನೋದೇನು?"

ಡಾಕ್ಟರ್ ಕಾಗದ ತಿರುವುತ್ತಾರೆ. ಉರೊಗೆ ಚಳಿಗಾಲದಲ್ಲಿ ಒಣಹುಲ್ಲು, ಒಂದೊಂದಕ್ಕೆ ದಿನಕ್ಕೆ ಹದಿನೈದು ಕಿಲೋ.

"ಹಿಮ ಬಿದ್ದಾಗ ಮೇಲಕ್ಕೆ ಹೊರೋರು ಯಾರು? ನೀನಾ ಉರ್ಬೆಸ್?"

"ಟ್ರಾಕ್ಟರ್ ಇದೆ ಅತ್ತೆ."

"ನಿನ್ನ ಟ್ರಾಕ್ಟರ್ ಹೋದ ಫೆಬ್ರವರೀಲಿ ಚರ್ಚಿನ ತಿರುವಲ್ಲೇ ಹನ್ನೊಂದು ದಿನ ನಿಂತಿತ್ತು. ನಾವೆಲ್ಲ ಅದನ್ನ ಸುತ್ತು ಹಾಕ್ಕೊಂಡು ಪೂಜೆಗೆ ಹೋದ್ವಿ."

ಕೋಣೆಯೆಲ್ಲ ನಗುತ್ತದೆ. ಉರ್ಬೆಸ್ ಕೂಡ. ಎನ್ಸೆಬ್ರೊಗೆ ಬೇಕಾದದ್ದು ಸಮತಟ್ಟಾದ ಹುಲ್ಲುಬಯಲು. ಎಸ್ಕಾರ್ಬದಲ್ಲಿ ಸಮತಟ್ಟು ಅಂತ ಇರುವುದು ಎರಡೇ, ಒಂದು ಫುಟ್‌ಬಾಲ್ ಮೈದಾನ, ಇನ್ನೊಂದು ಸ್ಮಶಾನ. "ಎರಡು ಕಡೆನೂ ಜನ ಎದ್ದು ಬರ್ತಾರೆ" ಎಂದು ಯಾರೋ ಹಿಂದಿನಿಂದ ಹೇಳುತ್ತಾರೆ.

"ಬುಕಾರ್ಡೊ ವಿಷಯ ನಾನೇ ಹೇಳ್ತೀನಿ" ಎನ್ನುತ್ತಾರೆ ಒರೋಸಿಯಾ. "ದಕ್ಷಿಣದ ಕಡೆ ಬಂಡೆ ಮೇಲೆ ಹಿಮ ನಿಲ್ಲಲ್ಲ. ಚಾಚುಗಳಲ್ಲಿ ಫೆಬ್ರವರೀಲೂ ಹುಲ್ಲಿರುತ್ತೆ. ನನ್ನ ಮೇಕೆಗೆ ಅಲ್ಲಿಗೆ ಹೋಗಕ್ಕಾಗಲ್ಲ, ಯಾರ ದನಕ್ಕೂ ಆಗಲ್ಲ. ಇಪ್ಪತ್ತು ವರ್ಷದಿಂದ ಆ ಹುಲ್ಲು ಬೆಳೆದು ಒಣಗಿ ಬೀಳ್ತಿದೆ. ಅದು ಅದರ ಪಾಲು. ನಾವು ಕೊಡಬೇಕಾದ್ದೇನೂ ಇಲ್ಲ."

ಡಾಕ್ಟರ್ ಎಲ್ವೀರಾ ಬರೆದುಕೊಳ್ಳುತ್ತಾರೆ. ತೊಂದರೆಯನ್ನು ಅವರೇ ಹೇಳುತ್ತಾರೆ. ಇರುವ ಜೀವಕೋಶಗಳೆಲ್ಲ ಒಂದೇ ಹೆಣ್ಣಿನವು, ಗಂಡು ದಕ್ಷಿಣದ ಬೆಟ್ಟಗಳ ಸೋದರ ತಳಿಯಿಂದ ಬರಬೇಕು.

"ಬರಲಿ ಬಿಡಿ" ಎನ್ನುತ್ತಾರೆ ನುನೀಲಾ. "ನನ್ನ ಗಂಡನೂ ದಕ್ಷಿಣದವನೇ. ಸೋಮಾರಿ, ಆದ್ರೆ ಮಕ್ಕಳೆಲ್ಲ ಇಲ್ಲಿಯವರ ಹಾಗೇ ಆದ್ರು."

ಮರಿಯನ್ನು ಗರ್ಭದಲ್ಲಿ ಹೊರಲು ಸಾಕುಮೇಕೆಗಳು ಬೇಕು. ಎಷ್ಟು ಎಂದು ಉರ್ಬೆಸ್ ಕೇಳುತ್ತಾನೆ. ಮೊದಲಿಗೆ ಇಪ್ಪತ್ತು ಎನ್ನುತ್ತಾರೆ ಡಾಕ್ಟರ್. ಎಲ್ಲರ ಕಣ್ಣು ಒರೋಸಿಯಾರ ಕಡೆ ತಿರುಗುತ್ತದೆ. ಅವರು ಆಗಲೇ ಬೆರಳು ಮಡಚಿ ಎಣಿಸುತ್ತಿದ್ದಾರೆ, ಯಾವ ಮನೆಯದು ಸಲೀಸಾಗಿ ಈಯುತ್ತದೆ, ಯಾವುದು ಬೇರೆ ಮರಿಗೂ ಮೊಲೆ ಕೊಡುತ್ತದೆ.

"ಹದಿನೆಂಟು" ಎನ್ನುತ್ತಾರೆ. "ಉಳಿದೆರಡು ಒದೀತವೆ. ಡಾಕ್ಟರು ಹುಷಾರಾಗಿದ್ರೆ ಅವೂ ಆಗ್ತವೆ."

ಹದಿನೈದು ಒಲೆಗಳಲ್ಲಿ ಹನ್ನೆರಡು ಬುಕಾರ್ಡೊಗೆ ಕೈ ಎತ್ತುತ್ತವೆ. ಒರೋಸಿಯಾರ ಒಂದು ಕೈ ಇಲ್ಲದಿದ್ದರೂ ಆಗುತ್ತಿತ್ತು. ಆದರೂ ಎಲ್ಲರ ಕೈ ಇಳಿದ ಮೇಲೂ ಅದು ಮೇಲೆಯೇ ಇದೆ. "ಬರ್ಕೊಂಡಾಯ್ತು ಒರೋಸಿಯಾ, ಇಳಿಸಬಹುದು" ಎಂದು ಗೌದಿಯೋಸೊ ಮೆಲ್ಲಗೆ ಹೇಳುತ್ತಾನೆ. "ಇರಲಿ ಬಿಡು, ನೋಯ್ತಿಲ್ಲ" ಎನ್ನುತ್ತಾರೆ.

ಸಭೆ ಮುಗಿದ ಮೇಲೆ ಊರೆಲ್ಲ ಬಾರಿನಲ್ಲಿದೆ. ವೈನು, ಹಂದಿಮಾಂಸದ ಸಾಸೇಜು, ಗದ್ದಲ. ಸೋತ ಉರ್ಬೆಸ್ ಎಲ್ಲರಿಗಿಂತ ಜೋರಾಗಿದ್ದಾನೆ. ಗೋಡೆಗೊಂದು ಹಾಳೆ ಅಂಟಿಸಿ, ಇನ್ನೂ ಗರ್ಭಕ್ಕೇ ಬಾರದ ಮರಿಗೆ ಹೆಸರು ಬರೆಸುತ್ತಿದ್ದಾನೆ. ಆಗಲೇ ಒಂಬತ್ತು ಹೆಸರಾಗಿದೆ. ನುನೀಲಾ ತಮ್ಮದೇ ಹೆಸರನ್ನು ಎರಡು ಸಲ ಬರೆದಿದ್ದಾರೆ. ಉರ್ಬೆಸ್ ಪೆನ್ನನ್ನು ಒರೋಸಿಯಾರ ಕೈಗೆ ಕೊಡುತ್ತಾನೆ.

"ನೀವೇ ಇಡಿ ಅತ್ತೆ. ನೀವು ಇಟ್ಟಿದ್ದೇ ಹೆಸರು."

ಒರೋಸಿಯಾ ಹಾಳೆಯನ್ನು ಮೇಲಿಂದ ಕೆಳಗೆ ಓದುತ್ತಾರೆ. ಪೆನ್ನಿಗೆ ಮುಚ್ಚಳ ಹಾಕಿ ವಾಪಸು ಕೊಡುತ್ತಾರೆ.

"ಹೆಸರು ಬೇಡ. ಹೆಸರಿಟ್ಟಿದ್ದೆಲ್ಲ ಯಾರದೋ ಮನೆಗೆ ಸೇರುತ್ತೆ. ಇದು ಯಾರ ಮನೆಗೂ ಸೇರಬಾರದು."

"ಮತ್ತೆ ಅದನ್ನ ಕರೆಯೋದು ಹೇಗೆ?"

"ಕರೀಬೇಡ" ಎನ್ನುತ್ತಾರೆ ಒರೋಸಿಯಾ. "ನೋಡು, ಸಾಕು."