ಪೆಟ್ರೋಲ್ ಟ್ಯಾಂಕಿಗೆ ಹೋದ ತೀರ್ಥ

ಮಸ್ತಾನ್ ಸಾಬರೇ, ನನ್ನ ಕಾರಿನ ಪೆಟ್ರೋಲ್ ಟ್ಯಾಂಕಿಗೆ ನೀರು ಹಾಕಿದವನು ನಾನೇ. ನೀವು ಕೇಳಿದಾಗ ಇಲ್ಲ ಎಂದವನೂ ನಾನೇ. ಮೊದಲನೆಯದು ದಡ್ಡತನ. ಎರಡನೆಯದಕ್ಕೆ ಹೆಸರು ಹುಡುಕುತ್ತಿದ್ದೇನೆ — ಸಿಕ್ಕ ಹೆಸರೊಂದೂ ಚೆನ್ನಾಗಿಲ್ಲ.

ನಾಲ್ಕು ವರ್ಷದ ಹಿಂದಿನ ಆಯುಧಪೂಜೆ. ಚಕ್ರಕ್ಕೆ ನಿಂಬೆಹಣ್ಣು, ಬಾನೆಟ್ಟಿಗೆ ಕುಂಕುಮ, ಸ್ಟೇರಿಂಗಿಗೆ ಹಾರ ಎಲ್ಲ ಆಯಿತು. ಆಮೇಲೆ ಮನೆಯವರಿಗೆಲ್ಲ ತೀರ್ಥ ಕೊಟ್ಟೆ. ಇಪ್ಪತ್ತೆಂಟು ವರ್ಷ ನನ್ನನ್ನು ಹೊತ್ತ ಮುದಿ ಗಾಡಿಗೆ ಮಾತ್ರ ಇಲ್ಲವೇ ಎನಿಸಿತು. ಅದರ ಬಾಯಿ ಎಲ್ಲಿ ಎಂದು ನೋಡಿದೆ — ಪೆಟ್ರೋಲ್ ಮುಚ್ಚಳ ಕಂಡಿತು. ಒಂದು ಉದ್ಧರಣೆಗೆ ನಿಲ್ಲಿಸಬಹುದಿತ್ತು. ಆದರೆ ತೀರ್ಥ ಮೂರು ಸಲ ಕೊಡುವುದು ಕ್ರಮವಷ್ಟೆ? ಪಂಚಪಾತ್ರೆಯಲ್ಲಿ ಉಳಿದದ್ದನ್ನು ಚೆಲ್ಲಬಾರದೆಂದು ಅದನ್ನೂ ಸುರಿದೆ, ತುಳಸಿ ಸಮೇತ. ನೀರು ಪೆಟ್ರೋಲಿಗಿಂತ ಭಾರ, ತಳದಲ್ಲಿ ಕೂರುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ಮಕ್ಕಳಿಗೆ ಹೇಳಿಕೊಟ್ಟವನು ನಾನು.

ಮೂರನೆಯ ದಿನ ಯಲ್ದೂರು ರಸ್ತೆಯಲ್ಲಿ ಗಾಡಿ ಕೆಮ್ಮತೊಡಗಿತು. ಹತ್ತು ಮಾರು ಓಡುವುದು, ಮುಗ್ಗರಿಸುವುದು. ಕಾರಣ ನನಗೆ ಆ ಕ್ಷಣವೇ ಹೊಳೆಯಿತು. ಆದರೂ ಏನೂ ಅರಿಯದವನಂತೆ ನಿಮ್ಮ ಗ್ಯಾರೇಜಿಗೆ ತಂದೆ.

ನೀವು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟು ಕಣ್ಣು ಮುಚ್ಚಿದಿರಿ. ಶ್ರೀನಿವಾಸಪುರದ ಅರ್ಧ ಗಾಡಿಗಳು ಆ ಕಿವಿಯನ್ನು ನಂಬಿ ಓಡುತ್ತಿದ್ದವು.

"ಮೇಷ್ಟ್ರೇ, ಪೆಟ್ರೋಲಲ್ಲಿ ನೀರೈತೆ. ಎಲ್ಲಾದ್ರೂ ಸೇರ್ಕೊಂತಾ?"

ಪಕ್ಕದಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಿಬ್ಬರು ಟೀ ಕುಡಿಯುತ್ತಿದ್ದರು. ಅವರ ಮುಂದೆ ತೀರ್ಥದ ಕಥೆ ಹೇಳುವುದೆಂದರೆ —

"ನೀರಾ? ನಾನು ಸೈನ್ಸ್ ಮೇಷ್ಟ್ರು ಕಣ್ರೀ, ಸಾಬರೇ!"

"ಅದೂ ನಿಜ ಬಿಡಿ. ಆದ್ರೂ ಟ್ಯಾಂಕ್ ಇಳಿಸಿ ನೋಡ್ಲಾ?"

"ಏನೂ ಬೇಡ," ಎಂದೆ. ಹುಡುಗರ ಕಣ್ಣೆದುರು ತುಳಸಿ ದಳ ಹೊರಬಂದರೆ ಎಂಬ ಭಯ.

ನೀವು ಪ್ಲಗ್ ಬದಲಿಸಿದಿರಿ, ಕಾಯಿಲ್ ನೋಡಿದಿರಿ. ಕಾರ್ಬುರೇಟರ್ ಬಿಚ್ಚಿ ತೊಳೆಯುವಾಗ ಒಂದು ಗಳಿಗೆ ಕೈ ನಿಲ್ಲಿಸಿದಿರಿ. "ಹನಿ ಏನೋ ಮಿನುಗಿದಂಗಾಯ್ತು... ಇಲ್ಲ, ಕಣ್ಣೂ ಮಂಜು." ನಾನು ಆಕಾಶ ನೋಡಿದೆ. ಗಾಡಿ ಒಂದು ದಿನ ಓಡಿತು, ಮತ್ತೆ ಕೆಮ್ಮಿತು. ಹೀಗೆ ಐದು ಸಲ. ಪ್ರತಿ ಸಲವೂ ಹೇಳಿಬಿಡೋಣ ಎಂದೇ ಬಂದೆ. ಪ್ರತಿ ಸಲವೂ ನಾಲಿಗೆ — ನಲವತ್ತು ವರ್ಷ ಪಾಠ ಹೇಳಿದ ನಾಲಿಗೆ — ಮೇಲೇಳಲಿಲ್ಲ.

ಐದನೆಯ ಸಲ ನಿಮ್ಮ ಮಗಳು ಷಾಹಿನಾ ಊಟ ತಂದಿದ್ದಳು. "ಅಬ್ಬಾ, ಸಾಕು ಮಾಡು ಇನ್ನ," ಎಂದಳು. ಆಗ ನೀವು ಸ್ಕ್ರೂಡ್ರೈವರ್ ಕೆಳಗಿಟ್ಟು ಅವಳಿಗೆ ಹೇಳಿದಿರಿ:

"ನನ್ ಕಿವಿ ಇನ್ನೂ ನೀರು ಅಂತೈತೆ ಕಣಮ್ಮ. ಮೇಷ್ಟ್ರು ಇಲ್ಲ ಅಂತಾರೆ. ಮೇಷ್ಟ್ರು ಸುಳ್ಳು ಹೇಳ್ತಾರಾ? ಕಿವೀನೇ ಕೆಟ್ಟೈತೆ."

ನಾನು ಎದುರಿಗೇ ಇದ್ದೆ. ಒಂದು ವಾಕ್ಯ ಸಾಕಿತ್ತು. ಹೇಳಲಿಲ್ಲ.

ಮರುವಾರ ಕೋಲಾರದಲ್ಲಿ ಗುರುತಿಲ್ಲದವರ ಕೈಲಿ ಟ್ಯಾಂಕ್ ಬಿಚ್ಚಿಸಿ ನೀರು ತೆಗೆಸಿದೆ. ಅರ್ಧ ಗಂಟೆಯ ಕೆಲಸ. "ಏನಾಗಿತ್ತು ಮೇಷ್ಟ್ರೇ?" ಎಂದು ನೀವು ಕೇಳಿದಾಗ, "ಏನೋ ಸಣ್ಣದು," ಎಂದೆ. ಆ ಸಣ್ಣದೂ ನಿಮಗೆ ಸಿಗಲಿಲ್ಲವಲ್ಲ ಎಂದು ನೀವು ತಲೆ ತಗ್ಗಿಸಿದ್ದು ನನಗೆ ಕಂಡಿತು. ತಿಂಗಳೊಳಗೆ ಗ್ಯಾರೇಜು ಮುಚ್ಚಿದಿರಿ. ಷಾಹಿನಾ ನರಸಾಪುರದಲ್ಲಿ ತನ್ನ ಕಂಪನಿಯ ಗೇಟಿನಲ್ಲಿ ನಿಮಗೆ ಕಾವಲು ಕೆಲಸ ಕೊಡಿಸಿದಳು.

ಹೋದ ವಾರ ಬಸ್ ಸ್ಟ್ಯಾಂಡಿನಲ್ಲಿ ಯೂನಿಫಾರಂ ಹಾಕಿಕೊಂಡು ಕಂಪನಿ ಬಸ್ಸಿಗೆ ಕಾಯುತ್ತಿದ್ದಿರಿ. ಬಸ್ಸು ಬಂತು, ಎಂಜಿನ್ ಒಂದೇ ಸಮನೆ ಕುಟ್ಟುತ್ತಿತ್ತು. ಡ್ರೈವರ್ ಇಳಿದು, "ಏನು ಸಾಬ್ರೇ ಇದು, ಸ್ವಲ್ಪ ಕೇಳಿ," ಎಂದ.

"ನಂಗೇನ್ ತಿಳೀತದಪ್ಪಾ," ಎಂದು ನೀವು ಹತ್ತಿ ಕುಳಿತಿರಿ.

ಆಗಲೂ ನಾನು ಕೈ ಬೀಸಿದೆನೇ ಹೊರತು —

ಎದುರು ನಿಂತು ಹೇಳುವ ಗಂಡಸುತನ ನನ್ನಲ್ಲಿಲ್ಲ, ಅದಕ್ಕೇ ಬರೆದು ಮೊದಲೇ ಅಂಚೆಗೆ ಹಾಕುತ್ತಿದ್ದೇನೆ. ಈ ಭಾನುವಾರ ನಿಮ್ಮ ಮನೆಗೆ ಬಂದು, ಷಾಹಿನಾಳನ್ನೂ ಕೂರಿಸಿಕೊಂಡು, ಇದನ್ನೇ ನನ್ನ ಬಾಯಿಂದ ಓದುತ್ತೇನೆ. ನಡುವೆ ಕನ್ನಡಕ ಒರೆಸುವ ನೆಪದಲ್ಲಿ ಎದ್ದರೆ ಬಾಗಿಲಿಗೆ ಅಡ್ಡ ನಿಲ್ಲಿ. ಮುಗಿಸುವವರೆಗೆ ನನ್ನನ್ನು ಹೊರಗೆ ಬಿಡಬೇಡಿ.