ಪುಂಡಿ ಕಟ್ಟಿದ ಬೆರಳುಗಳು

ಮೂರು ವರ್ಷದ ಹಿಂದೆ ನಾನು ಪೂರ್ವ ದೆಹಲಿಯ ಒಂದು ಆಸ್ಪತ್ರೆಯಲ್ಲಿ ಆಕ್ಯುಪೇಶನಲ್ ಥೆರಪಿಸ್ಟ್ ಆಗಿದ್ದೆ. ಆಪರೇಷನ್ ಆದ ಕೈಯನ್ನು ದಿನದ ಕೆಲಸಕ್ಕೆ ಮತ್ತೆ ಪಳಗಿಸುವುದು ನನ್ನ ಉದ್ಯೋಗ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಅಮ್ಮ ಬೀಡಿ ಕಟ್ಟಿ ಓದಿಸಿದರು. ಬೆರಳಿನ ಬೆಲೆಯನ್ನು ನನಗೆ ಕಾಲೇಜು ಹೇಳಿಕೊಡಬೇಕಾಗಿರಲಿಲ್ಲ.

ಸಾನ್ವಿಗೆ ಆಗ ಏಳು ವರ್ಷ. ಮನೆಯವರು ಉಡುಪಿ ಕಡೆಯವರು, ಮಯೂರ್ ವಿಹಾರದಲ್ಲಿ ಅವರದ್ದೊಂದು ಹೋಟೆಲ್. ಒಡೆದ ಗಾಜಿನ ಲೋಟ ತಾಗಿ ಅವಳ ಬಲಗೈಯ ಎರಡು ಬೆರಳುಗಳ ಟೆಂಡನ್, ಅಂದರೆ ಬೆರಳನ್ನು ಮಡಚುವ ಹುರಿ, ತುಂಡಾಗಿತ್ತು. ಸರ್ಜನ್ ಹೊಲಿದರು. ಹುರಿ ಕೂಡಿಕೊಂಡ ಮೇಲೆ, ಬೆರಳು ಅಲುಗದಂತೆ ಕಟ್ಟಿದ್ದ ಸ್ಪ್ಲಿಂಟ್ ತೆಗೆದು, "ಇನ್ನು ಹಗುರವಾಗಿ ಬಳಸಲಿ" ಎಂದರು. ಬೆರಳು ಮಾತ್ರ ಮಡಚಲೊಲ್ಲದು. ಹೀಗೇ ಬಿಟ್ಟರೆ ಹುರಿ ಸುತ್ತಲಿನ ಮಾಂಸಕ್ಕೆ ಅಂಟಿಕೊಂಡು ಎರಡನೇ ಆಪರೇಷನ್ ಆಗಬೇಕಿತ್ತು.

ಮನೆಗೇ ಹೋಗಿ ನೋಡಿದೆ. ಕೈ ದಿಂಬಿನ ಮೇಲೆ ಬೀಗರ ಹಾಗೆ ಕೂತಿತ್ತು. ಅಜ್ಜಿ ತುತ್ತು ಕೊಡುತ್ತಿದ್ದರು.

"ಹೊಲಿಗೆ ಹಾಕಿದ ಕೈಯಲ್ಲಿ ಕೆಲಸ ಮಾಡಿಸ್ಲಿಕ್ಕುಂಟಾ ಮಾರಾಯ್ತಿ?" ಎಂದು ನನ್ನನ್ನೇ ಗದರಿದರು.

ನಾನು ಕೊಟ್ಟ ಸ್ಪಂಜಿನ ಚೆಂಡನ್ನು ಸಾನ್ವಿ ಸೋಫಾದಡಿಗೆ ಒದ್ದಳು. "ಬೋರಿಂಗ್ ಹೈ, ಆಂಟಿ."

ಮುಂದಿನ ಸಲ ಹೋದಾಗ ಅಜ್ಜಿ ಪುಂಡಿ ಕಟ್ಟುತ್ತಿದ್ದರು. ಅಕ್ಕಿ ತರಿಯ ಹಿಟ್ಟನ್ನು ಉಂಡೆ ಮಾಡಿ ಹಬೆಯಲ್ಲಿ ಬೇಯಿಸುವ ನಮ್ಮ ಕಡೆಯ ತಿಂಡಿ. ಹಿಟ್ಟು ಮುಟ್ಟಿ ನೋಡಿದೆ: ಉಗುರು ಬೆಚ್ಚಗೆ, ಮೆತ್ತಗೆ. ಉಂಡೆ ಸಣ್ಣದಾದಷ್ಟೂ ಬೆರಳು ಹೆಚ್ಚು ಮಡಚಬೇಕು. ಸರ್ಜನ್‌ಗೆ ಫೋನ್ ಮಾಡಿದೆ, ಒಪ್ಪಿದರು.

"ಅಜ್ಜಿ, ಇವಳಿಗೂ ಕಲಿಸಿ. ಮೊದಲು ಕಿತ್ತಳೆಯಷ್ಟು, ಆಮೇಲೆ ನಿಂಬೆಯಷ್ಟು. ಅದುಮುವುದು ಬೇಡ."

ಕಲಿಸುವುದೆಂದರೆ ಅಜ್ಜಿಗೆ ಇಲ್ಲ ಎನ್ನಲಾಗಲಿಲ್ಲ.

"ಇದೆಂಥ ಪುಂಡಿ? ಪೂರ್ತಿ ಸೊಟ್ಟ!"

"ಪುಂಡಿ ನಹೀ ಅಜ್ಜಿ, ಮೋಮೋ ಹೈ!"

ಅಲ್ಲಿಂದ ಅಜ್ಜಿ ನನಗಿಂತ ಕಟ್ಟುನಿಟ್ಟಾದರು. "ನಿಂಬೆ ಅಂದ್ರೆ ನಿಂಬೆ. ಇದು ಮೂಸಂಬಿ, ಪುನಃ ಕಟ್ಟು." ಬೆಳಿಗ್ಗೆ ಪುಂಡಿ, ಸಂಜೆ ಪುಂಡಿ. ಒಂದು ದಿನ ಸಾನ್ವಿಯ ಅಪ್ಪ ನನ್ನನ್ನು ಬಾಗಿಲವರೆಗೆ ಬಿಡಲು ಬಂದು ಪಿಸುಗುಟ್ಟಿದರು: "ಮೇಡಂ, ದೋಸೆಯಲ್ಲಿ ಇಂಥ ಎಕ್ಸರ್‌ಸೈಜ್ ಇಲ್ವಾ?"

ಆಪರೇಷನ್ ಬೇಕೋ ಬೇಡವೋ ಎಂದು ತೀರ್ಮಾನವಾಗುವ ದಿನ ಸರ್ಜನ್ ತಮ್ಮ ಬೆರಳು ಚಾಚಿ, "ಪಕಡೋ" ಎಂದರು. ಸಾನ್ವಿ ಹಿಡಿದಳು. ಎರಡೂ ಬೆರಳು ಅಂಗೈ ಮುಟ್ಟುವಷ್ಟು ಮಡಚಿದವು. ಅಜ್ಜಿ ನನ್ನ ತೋಳನ್ನು ಅದಕ್ಕಿಂತ ಗಟ್ಟಿಯಾಗಿ ಹಿಡಿದಿದ್ದರು.

ಮನೆಯವರ ಪ್ರೀತಿಗೆ 'ಬೇಡ' ಎಂದರೆ ಅದು ಕೇಳುವುದಿಲ್ಲ, ಅದಕ್ಕೆ ಬೇರೆ ಕೆಲಸ ಕೊಡಬೇಕು. ಈ ಉದ್ಯೋಗ ನನಗೆ ಕಲಿಸಿದ್ದು ಇಷ್ಟು.

"ಅಚ್ಛಾ, ಅಬ್ ಛೋಡೋ ಬೇಟಾ," ಎಂದರು ಸರ್ಜನ್. ಅವಳು ಬಿಡಲಿಲ್ಲ.