ಪ್ರತಿ ಸಲವೂ ಹನ್ನೊಂದು

ಜಪಾನಿನ ಓಜಿಮಾದ ಅಪಾರ್ಟ್‌ಮೆಂಟಿನಲ್ಲಿ ವೇದವಲ್ಲಿಗೆ ಒಂದು ವಾರದಿಂದ ಒಂದೇ ಚಿಂತೆ. ಮಗಳು ಸಾಹಿತ್ಯಳ ಶಾಲೆಯಲ್ಲಿ ಶನಿವಾರ ತಾಯಂದಿರ ಸಭೆ. ತರಗತಿಯ ಪ್ರತಿನಿಧಿಯಾಗಲು ಯಾರೂ ಕೈ ಎತ್ತದಿದ್ದರೆ ಚೀಟಿ ಎತ್ತಿಸುತ್ತಾರೆ. ಕೈ ಎತ್ತುವ ಪುಣ್ಯಾತ್ಮರಾದರೂ ಎಲ್ಲಿದ್ದಾರೆ? ಕೆಂಪು ಗುರುತಿನ ಚೀಟಿ ಬಂದವರು ವರ್ಷವಿಡೀ ಸಭೆ ನಡೆಸಬೇಕು, ಮನೆಮನೆಗೆ ಫೋನು ಮಾಡಬೇಕು, ಅದೂ ಜಪಾನಿ ಭಾಷೆಯಲ್ಲಿ. ವೇದವಲ್ಲಿಯ ಜಪಾನಿ ಕೊಂಬಿನಿ ಅಂಗಡಿಯ ಕೌಂಟರ್ ದಾಟಿ ಮುಂದೆ ಹೋಗಿರಲಿಲ್ಲ.

ಆಗಷ್ಟೇ ಅವಳು ಆನ್‌ಲೈನಿನಲ್ಲಿ ಪ್ರೋಗ್ರಾಮಿಂಗ್ ಕಲಿಯತೊಡಗಿದ್ದಳು. ಚೀಟಿ ಯಾರಿಗೆ ಬರಬಹುದೆಂದು ನೋಡಲು ದಾಳ ಉರುಳಿಸುವ ಪಾಠವನ್ನೇ ನಕಲು ಮಾಡಿ, ದಾಳದ ಆರು ಮುಖಗಳ ಜಾಗದಲ್ಲಿ ಮೂವತ್ತು ತಾಯಂದಿರನ್ನು ಕೂರಿಸಿದಳು. ಹಾಜರಿಯಲ್ಲಿ ಸಾಹಿತ್ಯಳದು ಹನ್ನೊಂದನೆಯ ನಂಬರು. ಪ್ರೋಗ್ರಾಮ್ ಓಡಿಸಿದಳು: ಹನ್ನೊಂದು. ಮತ್ತೆ ಓಡಿಸಿದರೂ ಹನ್ನೊಂದೇ. ದೇವರಿಗೆ ಕೈಮುಗಿದು ಓಡಿಸಿದರೂ ಅದೇ. ಹಣೆಬರಹಕ್ಕೆ ಹೊಣೆ ಯಾರು ಎಂದುಕೊಂಡು, ಪಾತ್ರೆ ತೊಳೆಯುತ್ತ ಒಪ್ಪಿಗೆಯ ಭಾಷಣವನ್ನು ಬಾಯಿಪಾಠ ಮಾಡತೊಡಗಿದಳು.

ಗಂಡ ನಟರಾಜ ಸಾಫ್ಟ್‌ವೇರಿನವನು. ನೋಡಿ ನಕ್ಕ. ಕಲಿಯುವವರಿಗೆಲ್ಲ ಒಂದೇ ಉತ್ತರ ಬರಲೆಂದು ಪಾಠದವರು ‘ಸೀಡ್’ ಎಂಬ ಒಂದು ಸಾಲು ಹಾಕಿದ್ದರು. ಅದಿದ್ದರೆ ದಾಳ ಪ್ರತಿ ಸಲವೂ ಒಂದೇ ಥರ ಬೀಳುತ್ತದೆ. ಇವಳು ಅದನ್ನೂ ಎತ್ತಿಕೊಂಡು ಬಂದಿದ್ದಾಳೆ ಎಂದು ತಿಳಿಸಿ ಹೇಳಿದ. ಆ ಸಾಲು ಅಳಿಸಿದ ಮೇಲೆ ಏಳು, ಇಪ್ಪತ್ತೆರಡು, ಮೂರು ಎಂದು ಬೇರೆಬೇರೆ ನಂಬರು ಬಂದವು.

“ಮೂವತ್ತರಲ್ಲಿ ಒಂದು ಚಾನ್ಸು ಕಣೆ. ಯಾಕೆ ಟೆನ್ಷನ್ ಮಾಡ್ಕೋತೀಯ?” ಎಂದ.

“ಆ ಒಂದು ಯಾರಾದ್ರೂ ಆಗ್ಲೇಬೇಕಲ್ಲ ರೀ,” ಎಂದಳು ವೇದವಲ್ಲಿ.

ಸಭೆಯಲ್ಲಿ ಯಾರೂ ಕೈ ಎತ್ತಲಿಲ್ಲ. ಎಲ್ಲರೂ ಮೇಜನ್ನೇ ನೋಡುತ್ತ ಕೂತರು. ಚೀಟಿಯ ಡಬ್ಬಿ ಒಂದು ಸುತ್ತು ಬಂತು. ಟೀಚರ್ ಹೇಳಿದ ಮೇಲೆ ಎಲ್ಲರೂ ಒಟ್ಟಿಗೇ ಬಿಚ್ಚಿದರು. ಕೆಂಪು ಗುರುತು ವೇದವಲ್ಲಿಯ ಚೀಟಿಯಲ್ಲಿತ್ತು.

ಹೇಗೋ ಎದ್ದು ನಿಂತಳು. ಕೋಣೆಯಿಡೀ ಒಮ್ಮೆಲೇ ಉಸಿರು ಬಿಟ್ಟದ್ದು ಕೇಳಿಸಿತು, ಹಿಂದೆಯೇ ಚಪ್ಪಾಳೆ, ಅಗತ್ಯಕ್ಕಿಂತ ಜೋರಾದ ಚಪ್ಪಾಳೆ. ಇವರೆಲ್ಲರೂ ತನ್ನಂತೆಯೇ ನಿದ್ದೆಗೆಟ್ಟು ಬಂದವರೆಂದು ಅವಳಿಗೆ ಆಗ ಹೊಳೆಯಿತು. ಸಿಟ್ಟೂ ಬಂತು, ಅಳುವೂ ಬಂತು. ಭಾಷಣದ ಒಂದು ಪದವೂ ನೆನಪಾಗಲಿಲ್ಲ.

“ಸುಮಿಮಾಸೆನ್, ಕ್ಷಮಿಸಿ. ನನಗೆ ಜಪಾನಿ ಸರಿಯಾಗಿ ಬರಲ್ಲ. ತುಂಬ ಭಯ ಆಗ್ತಿದೆ,” ಎಂದು ಗೊತ್ತಿದ್ದಷ್ಟು ಜಪಾನಿಯಲ್ಲಿ ಹೇಳಿಬಿಟ್ಟಳು.

ಚಪ್ಪಾಳೆ ನಿಂತುಹೋಯಿತು. ಯಾರೂ ಅವಳ ಮುಖ ನೋಡಲಿಲ್ಲ. ಆಮೇಲೆ ಪಕ್ಕದಲ್ಲಿ ಕೂತಿದ್ದ ಹರಾದಾ ಸಾನ್, ಇದುವರೆಗೆ ತಲೆಬಾಗಿಸಿ ನಮಸ್ಕರಿಸಿದ್ದು ಬಿಟ್ಟರೆ ಒಂದು ಮಾತೂ ಆಡದ ಹೆಂಗಸು, ತನ್ನ ಖಾಲಿ ಚೀಟಿಯನ್ನು ಮೇಜಿನ ಮೇಲಿಟ್ಟು ಎದ್ದಳು.

“ನನಗೂ ವಾರವೆಲ್ಲ ಭಯವೇ ಇತ್ತು,” ಎಂದಳು ನಿಧಾನವಾಗಿ, ವೇದವಲ್ಲಿಗೆ ಅರ್ಥವಾಗುವಂತೆ. “ಫೋನು ಮಾಡೋ ಕೆಲಸ ನಾನು ನೋಡ್ಕೋತೀನಿ.”